ಒಬ್ಬರದೇ ಉಸಿರು

"ಊದಿ ಕಟ್ಟಬೇಡ," ಎಂದರು ಅತ್ತೆ. ನಿಲ್ಲಿಸಿದರು. ಮೂಗಿನಿಂದ ಸಣ್ಣಗೆ ಗಾಳಿ ಎಳೆದುಕೊಂಡರು. "ಮಾಟ ಕಣೇ ಅದು."

ಸೊಸೆ ಕೈಯಲ್ಲಿದ್ದ ಫೋನನ್ನು ಎದೆಗವಚಿಕೊಂಡು ಬಿದ್ದುಬಿದ್ದು ನಕ್ಕಳು. "ಆನ್‌ಲೈನಲ್ಲಿ ಯಾರತ್ತೆ ಮಾಟ ಮಾಡ್ತಾರೆ? ನಿಂಬೆಹಣ್ಣು, ಕುಂಕುಮ ಎಲ್ಲ ಹೋಗಿ ಈಗ ಮಾಟಗಾರರಿಗೂ ಮನೆ ಬಾಗಿಲಿಗೆ ಡೆಲಿವರಿ ಬೇಕಾಯ್ತಾ?"

"ಕೇಳು ಇಲ್ಲಿ. ನಿಮ್ಮ ಮಾವ..."

"ನಾಳೆ ಹೇಳಿ ಅತ್ತೆ. ಇವತ್ತು ಪಾರ್ಸೆಲ್ ಹೋಗ್ಬೇಕು."

ಅತ್ತೆ ಪಾರ್ಸೆಲಿನ ಗಾಜಿಗೆ ಒತ್ತಾಗಿ ಇಡುವ ಹುಲ್ಲಿನ ಕಂತೆಗೆ ಕೆಂಪು ದಾರ ಸುತ್ತಿ, ತಮ್ಮದೇ ಆದ ಆ ವಿಚಿತ್ರ ಗಂಟು ಹಾಕಿದರು: ಎರಡು ಕುಣಿಕೆ, ತುದಿಯನ್ನು ಮತ್ತೆ ಒಳಕ್ಕೆ ತುರುಕುವುದು. ಆ ಗಂಟನ್ನು ಆ ಮನೆಯಲ್ಲಿ ಬೇರೆ ಯಾರಿಗೂ ಹಾಕಲು ಬರುತ್ತಿರಲಿಲ್ಲ.

ಸೊಸೆ ಆ ಮನೆಗೆ ಬಂದು ಎಂಟು ತಿಂಗಳಾಗಿತ್ತು. ಅವಳದು ಅರಳು ಹುರಿದಂಥ ಮಾತು. ಒಂದು ಕಡೆ ಕೂತರೆ ಕಾಲು ಕುಣಿಯುತ್ತಿತ್ತು, ನಿಂತರೆ ಕೈ ಏನಾದರೂ ಎಳೆದಾಡುತ್ತಿತ್ತು. ಗಂಡ ಅವಳನ್ನು ಕರೆಯುತ್ತಿದ್ದುದೇ ಪಟಾಕಿ ಎಂದು. ಅತ್ತೆಯದೋ ಪಡಿತರದ ಮಾತು. ಒಂದು ಸಲಕ್ಕೆ ಎರಡು, ಹೆಚ್ಚೆಂದರೆ ಮೂರು. ನಾಲ್ಕನೆಯದು ಬೇಕಾದವರು ಕಾಯಬೇಕು. ಕಾಯುವುದು ಪಟಾಕಿಯ ಜಾಯಮಾನವಲ್ಲ. ಮುದುಕಿಗೆ ಬಿಗುಮಾನ ಎಂದು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿದ್ದಳು, ಆ ತೀರ್ಮಾನವನ್ನು ಮತ್ತೆ ತೆರೆದು ನೋಡಿರಲಿಲ್ಲ.

ಗಾಜು ಊದುವುದು ಆ ಮನೆಯ ಕಸುಬು. ಹಿತ್ತಿಲ ತಗಡಿನ ಕೊಟ್ಟಿಗೆಯಲ್ಲಿ ಕುಲುಮೆ. ಅವಳ ಗಂಡ ಉದ್ದನೆಯ ಕೊಳವೆಯ ತುದಿಗೆ ಕರಗಿದ ಗಾಜನ್ನು ಸುತ್ತಿಕೊಂಡು, ಕೆನ್ನೆ ಉಬ್ಬಿಸಿ, ಒಂದೇ ಉಸಿರಿಗೆ ಮೊಳದೆತ್ತರದ ಹೂಜಿಯನ್ನು ಊದಿ ಎಬ್ಬಿಸುತ್ತಿದ್ದ. ಮನೆಯಲ್ಲಿ ಅವನನ್ನು ಗುಂಡ ಎನ್ನುತ್ತಿದ್ದರು, ಆಳೂ ಹಾಗೇ ಇದ್ದ. ಕೆಲಸದ ನಡುವೆ ಶಿಳ್ಳೆ ಹೊಡೆಯುವುದು ಅವನ ಅಭ್ಯಾಸ. ಅಪ್ಪ ಕಲಿಸಿದ ಒಂದು ನೇಮವನ್ನು ಮಾತ್ರ ಅವನು ಎಂದೂ ಮೀರಿರಲಿಲ್ಲ. ಊದಿದ ಗಾಜಿಗೆ ಬಾಯಿ ಇರಲೇಬೇಕು. ಮುಚ್ಚಿದ ಬುಗ್ಗೆ, ಮುಚ್ಚಿದ ಗೋಳ ಆ ಕುಲುಮೆಯಲ್ಲಿ ಹುಟ್ಟಿರಲಿಲ್ಲ. ಯಾಕೆ ಎಂದು ಕೇಳಿದರೆ ಅಪ್ಪ, "ನಿಮ್ಮಮ್ಮನ್ನ ಕೇಳು," ಎನ್ನುತ್ತಿದ್ದನಂತೆ. ಅಮ್ಮನನ್ನು ಕೇಳಿದರೆ ಮೂರು ಮಾತು, ಒಂದು ನಿಟ್ಟುಸಿರು. ಮಗ ಕೇಳುವುದನ್ನೇ ಬಿಟ್ಟಿದ್ದ.

ಆನ್‌ಲೈನ್ ಅಂಗಡಿ ಪಟಾಕಿಯ ಕೂಸು. ಫೋಟೋ ತೆಗೆಯುವುದು, ಹಾಕುವುದು, ಉತ್ತರಿಸುವುದು, ಕಟ್ಟುವುದು ಎಲ್ಲ ಅವಳೇ. ಗಿರಾಕಿಗಳು ಆರ್ಡರಿನ ಕೆಳಗೆ "ಪ್ಯಾಕಿಂಗ್ ಬಗ್ಗೆ ವಿಶೇಷ ಕೋರಿಕೆ" ಎಂಬ ಜಾಗದಲ್ಲಿ ಬರೆಯುತ್ತಿದ್ದುದನ್ನು ರಾತ್ರಿ ಊಟದ ಹೊತ್ತಿಗೆ ಗಂಡನಿಗೆ ಓದಿ ಹೇಳುವುದು ಅವಳಿಗೆ ಮೋಜು. ಒಬ್ಬಳಿಗೆ ಡಬ್ಬದ ಮೇಲೆ ಬೆಕ್ಕಿನ ಚಿತ್ರ ಬೇಕು. ಇನ್ನೊಬ್ಬಳಿಗೆ ಹೊರಗೆ "ಸೋಪು" ಎಂದು ಬರೆಯಬೇಕು, ಇಲ್ಲದಿದ್ದರೆ ಮನೆಯಲ್ಲಿ ಇನ್ನೊಂದು ಹೂದಾನಿ ಯಾಕೆ ಎಂದು ರಂಪ. ಒಬ್ಬ ಮಹಾಶಯನಿಗೆ ಟೇಪಿನ ಸದ್ದಾಗದಂತೆ ಬಿಚ್ಚಲು ಬರಬೇಕು. ಎಲ್ಲವನ್ನೂ ಅವಳು ನಡೆಸಿಕೊಟ್ಟಳು. ಕೇಳಿದ್ದನ್ನು ಕೊಟ್ಟರೆ ಐದು ನಕ್ಷತ್ರ. ನಕ್ಷತ್ರವಿಲ್ಲದ ಅಂಗಡಿಯನ್ನು ಯಾರು ನೋಡುತ್ತಾರೆ?

ಅಂಥದೇ ಒಂದು ಕೋರಿಕೆಗೆ ಅತ್ತೆ ಬೇಡ ಎಂದದ್ದು. ಗಿರಾಕಿಗೆ ಹೆಸರಿರಲಿಲ್ಲ, ಚಿತ್ರದ ಜಾಗದಲ್ಲಿ ಬೂದು ಬಣ್ಣದ ವೃತ್ತ. ಕೊಂಡದ್ದು ಅಂಗಡಿಯಲ್ಲೇ ತೀರ ಸಣ್ಣದಾದ ಒಂದು ಸೀಸೆ. ಕೋರಿಕೆ ಮಾತ್ರ ಉದ್ದ.

"ಗಾಜಿನ ಪಕ್ಕ ಒಂದು ಗಾಳಿಚೀಲ ಇಡಿ. ಪಂಪಿನ ಗಾಳಿ ಬೇಡ, ಬಾಯಿಂದ ಊದಿ. ಒಬ್ಬರದೇ ಉಸಿರು. ಊದಿದವರನ್ನು ಮನೆಯಲ್ಲಿ ಏನೆಂದು ಕರೆಯುತ್ತಾರೋ ಅದನ್ನು ಚೀಲದ ಮೇಲೆ ಬರೆಯಿರಿ. ದಾರದಿಂದ ಬಿಗಿಯಿರಿ."

"ಪರಿಸರಪ್ರೇಮಿ ಇರ್ಬೇಕು," ಎಂದಳು ಪಟಾಕಿ. ಗಂಡನ ಮುಂದೆ ಪ್ಲಾಸ್ಟಿಕ್ ಚೀಲ ಹಿಡಿದಳು. "ಊದಿ ಸ್ವಾಮಿ. ಈ ಮನೇಲಿ ಯಾವುದಕ್ಕೆ ಬರ ಇದ್ರೂ ಉಸಿರಿಗಿಲ್ಲ."

ಅವನು ಕಣ್ಣು ಮಿಟುಕಿಸಿ ಒಂದೇ ಬಾರಿಗೆ ಊದಿದ. ಅವಳು ದಾರ ಬಿಗಿದು, ಪೆನ್ನಿನಿಂದ "ಗುಂಡ" ಎಂದು ಬರೆದಳು. ಚೀಲ ಅಂಗೈಗೆ ಬೆಚ್ಚಗಿತ್ತು. ಮರುದಿನ ಬೆಳಿಗ್ಗೆ ಕೊರಿಯರಿನವನು ಬಂದು ಒಯ್ಯುವಾಗ ಡಬ್ಬದ ಆ ಬದಿ ಇನ್ನೂ ಬೆಚ್ಚಗೇ ಇತ್ತು. ಕುಲುಮೆಯ ಕಾವು ಇರಬೇಕು ಎಂದುಕೊಂಡಳು. ಐದು ನಕ್ಷತ್ರ ಬಂತು.

ಮುಂದಿನ ವಾರ ಅದೇ ಬೂದು ವೃತ್ತ, ಅದೇ ಸೀಸೆ, ಎರಡು ಚೀಲ. ಅದರ ಮುಂದಿನ ವಾರ ಮೂರು.

ಎರಡನೆಯ ವಾರದಲ್ಲೇ ಹೂಜಿಗಳ ಸೊಂಟದಲ್ಲಿ ಒಂದು ಬಳೆ ಕಾಣಿಸತೊಡಗಿತ್ತು. ಊದುವವನ ಉಸಿರು ನಡುವೆ ಕಡಿದರೆ ಗಾಜಿನಲ್ಲಿ ಬೀಳುವ ಮಡಿಕೆ ಅದು. ಮೂರನೆಯ ವಾರ ಗುಂಡ ಹೂಜಿ ಬಿಟ್ಟು ಲೋಟಕ್ಕೆ ಇಳಿದ. ಅಂಗಳದ ನಾಲ್ಕು ಮೆಟ್ಟಿಲು ಹತ್ತುವಾಗ ಎರಡನೆಯದರಲ್ಲಿ ಕೂತುಬಿಟ್ಟ. ಒಂದು ಮಧ್ಯಾಹ್ನ ಪಟಾಕಿ ಕೆಲಸ ನಿಲ್ಲಿಸಿ ಕಿವಿಗೊಟ್ಟಳು. ಏನೋ ಕಮ್ಮಿಯಾಗಿದೆ ಅನ್ನಿಸಿತು. ಕುಲುಮೆಯ ಭೋರು ಇತ್ತು, ತಗಡು ಕಾದು ಚಟಗುಟ್ಟುತ್ತಿತ್ತು. ಶಿಳ್ಳೆ ಇರಲಿಲ್ಲ.

ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ತಿರುವಿ ತಿರುವಿ ನೋಡಿದರು. "ಶ್ವಾಸಕೋಶ ಕನ್ನಡಿ ಥರ ಇದೆ. ಆದ್ರೆ ಗಾಳಿ ನಿಲ್ತಾ ಇಲ್ಲ. ಹೊಗೆ, ಧೂಳು... ರೆಸ್ಟ್ ಮಾಡ್ಲಿ." ಅವರಿಗೂ ತಾವು ಹೇಳಿದ್ದರಲ್ಲಿ ನಂಬಿಕೆ ಇದ್ದಂತಿರಲಿಲ್ಲ.

ನಾಲ್ಕನೆಯ ಆರ್ಡರು ಬಂದ ದಿನ ಅತ್ತೆ ಅವಳ ಕೈಯಿಂದ ಚೀಲಗಳನ್ನು ಕಿತ್ತುಕೊಂಡರು. "ಬೇಡ. ಬೇಡ. ಬೇಡ," ಎಂದರು. ಅಷ್ಟಕ್ಕೇ ಅವರ ತುಟಿ ನೀಲಿಗಟ್ಟಿತು.

"ಇದೊಂದು ಕೊನೇ ಸಲ ಅತ್ತೆ. ಆಮೇಲೆ ಬ್ಲಾಕ್ ಮಾಡ್ತೀನಿ. ಈಗ ಇಲ್ಲ ಅಂದ್ರೆ ಒಂದು ನಕ್ಷತ್ರ ಕೊಟ್ಟು ಮಾನ ಹರಾಜು ಹಾಕ್ತಾರೆ."

ಮಂಚದ ಮೇಲೆ ಒರಗಿದ್ದ ಗುಂಡ ಕೈಚಾಚಿದ. ಹೆಂಡತಿ ಕೇಳಿದ್ದಕ್ಕೆ ಇಲ್ಲ ಎನ್ನಲು ಗೊತ್ತಿಲ್ಲದ ಗಂಡಸು. ನಾಲ್ಕು ಚೀಲ ತುಂಬಲು ಅರ್ಧ ಗಂಟೆ ಹಿಡಿಯಿತು. ಪ್ರತಿ ಸಲ ಊದುವಾಗಲೂ ಕತ್ತಿನ ನರ ಎದ್ದು ನಿಲ್ಲುತ್ತಿತ್ತು. ಅವಳು ಎದುರು ಕೂತು, ಕಾಲು ಕುಣಿಸುತ್ತ, ದಾರ ಹಿಡಿದು ಕಾದಳು. ಆ ಅರ್ಧ ಗಂಟೆಯನ್ನು ನೆನೆದರೆ ಇವತ್ತಿಗೂ ಅವಳಿಗೆ ತನ್ನ ಕೆನ್ನೆಗೆ ತಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ವಾರದ ಬಳಿಕ, ಮಧ್ಯಾಹ್ನ ಎರಡರ ಸುಮಾರಿಗೆ ಹೊಸ ವಿಮರ್ಶೆ ಬಂತು. ಐದು ನಕ್ಷತ್ರ. ಜೊತೆಗೊಂದು ವಿಡಿಯೋ. ಗುಂಡ ಪಕ್ಕದಲ್ಲಿ ಮಲಗಿದ್ದ. ಕಿಟಕಿಯ ಬಿಸಿಲು ಅವನ ಹೊಟ್ಟೆಯ ಮೇಲೆ ಬಿದ್ದಿತ್ತು. ಅವಳು ವಿಡಿಯೋ ಒತ್ತಿದಳು.

ಒಂದು ಕೋಣೆ. ಕಿಟಕಿಯಿಲ್ಲದ್ದು. ಗೋಡೆಯ ಉದ್ದಕ್ಕೂ ಹಲಗೆಗಳು. ಹಲಗೆಗಳ ತುಂಬ ಚೀಲಗಳು. ಹೊಸವು ಮುಂದೆ, ಹಳೆಯವು ಹಿಂದೆ, ಧೂಳು ಮೆತ್ತಿದವು, ಹಳದಿಗಟ್ಟಿದವು. ಒಂದೂ ಸಡಿಲಾಗಿರಲಿಲ್ಲ. ಪ್ರತಿಯೊಂದರ ಮೇಲೂ ಬೇರೆ ಬೇರೆ ಕೈಬರಹ: "ಅಣ್ಣ." "ಬೇಬಿ." "ದೊಡ್ಡಮ್ಮ." ಅವಳು ಕಳಿಸಿದ್ದ ಸೀಸೆಗಳು ಮೂಲೆಯ ಕಸದ ರಾಶಿಯಲ್ಲಿ ಒಡೆದು ಬಿದ್ದಿದ್ದವು. ಕ್ಯಾಮೆರಾ ನಿಧಾನವಾಗಿ ಸರಿಯಿತು. "ಗುಂಡ." "ಗುಂಡ." "ಗುಂಡ." ಹತ್ತು ಚೀಲ, ಸಾಲಾಗಿ. ಅವು ಉಬ್ಬುತ್ತಿದ್ದವು. ತಗ್ಗುತ್ತಿದ್ದವು. ಮತ್ತೆ ಉಬ್ಬುತ್ತಿದ್ದವು.

ಅವಳು ತಲೆಯೆತ್ತಿ ಗಂಡನ ಎದೆ ನೋಡಿದಳು. ಉಬ್ಬುತ್ತಿತ್ತು. ತಗ್ಗುತ್ತಿತ್ತು. ಅದೇ ಲಯ. ಕೂದಲೆಳೆಯ ವ್ಯತ್ಯಾಸವಿಲ್ಲ.

ಬೆಚ್ಚಿದ ಬೆರಳು ಪರದೆಗೆ ತಗುಲಿತು. ವಿಡಿಯೋ ನಿಂತಿತು.

ಅವನ ಎದೆಯೂ ನಿಂತಿತು.

ಒಂದು ಕ್ಷಣ. ಎರಡು. ಅವನ ಕಣ್ಣು ತೆರೆದವು. ಕೈ ಗಾಳಿಯಲ್ಲಿ ತಡಕಾಡಿತು. ಬಾಯಿ ತೆರೆದಿತ್ತು, ಒಳಕ್ಕೆ ಏನೂ ಹೋಗುತ್ತಿರಲಿಲ್ಲ. ಅವಳು ಮತ್ತೆ ಒತ್ತಿದಳು. ಪರದೆಯ ನಡುವೆ ಬಿಳಿ ಚಕ್ರ ಸುತ್ತತೊಡಗಿತು. ಸುತ್ತಿತು. ಸುತ್ತಿತು. ನೆಟ್‌ವರ್ಕ್ ಒಂದೇ ಕಡ್ಡಿ. ಕಿಟಕಿಗೆ ಓಡಿದಳು. ಅಂಗಳಕ್ಕೆ ಓಡಿದಳು. ಫೋನನ್ನು ತಲೆಯ ಮೇಲೆ ಎತ್ತಿದಳು. ಚಕ್ರ ಮಾಯವಾಯಿತು. ಚೀಲಗಳು ಉಬ್ಬಿದವು. ಒಳಗಿನಿಂದ ಗಂಡ ಕೆಮ್ಮುವ ಸದ್ದು ಕೇಳಿಸಿತು. ಅವಳು ಅಲ್ಲೇ ಮಣ್ಣಿನಲ್ಲಿ ಕುಕ್ಕರಿಸಿ, "ಅತ್ತೇ!" ಎಂದು ಕಿರುಚಿದಳು.

ಅತ್ತೆ ಪರದೆ ನೋಡಿದರು. ಅವರಿಗೆ ಅಕ್ಷರ ಬಾರದು, ಆದರೆ ಬೆರಳು ನೇರ ಹಿಂದಿನ ಹಲಗೆಗೆ ಹೋಯಿತು. ಅಲ್ಲಿ ಹಳೆಯ ಕಪ್ಪು ರಬ್ಬರಿನ ಬುಗ್ಗೆಗಳ ಒಂದು ಸಾಲು. ಅವುಗಳ ಕುತ್ತಿಗೆಗೆ ಕೆಂಪು ದಾರ. ಎರಡು ಕುಣಿಕೆ, ತುದಿ ಒಳಕ್ಕೆ ತುರುಕಿದ ಗಂಟು.

"ನನ್ನವು," ಎಂದರು.

ಆ ಮಧ್ಯಾಹ್ನ ಪಟಾಕಿ ಮೊದಲ ಬಾರಿಗೆ ಕಾದು ಕೂತು ಅತ್ತೆಯ ಮಾತು ಪೂರ್ತಿ ಕೇಳಿದಳು. ಎರಡೆರಡು ಮಾತಾಗಿ, ಮೂರು ಮೂರು ಮಾತಾಗಿ, ನಡುವೆ ಅತ್ತೆಯ ಎದೆ ಸುಂಯ್‌ಗುಡುವುದನ್ನು ಕೇಳುತ್ತ. ಆಗ ಆನ್‌ಲೈನ್ ಇರಲಿಲ್ಲ. ಒಬ್ಬ ಗಿರಾಕಿ ಬಾಗಿಲಿಗೇ ಬಂದಿದ್ದ. ಗಾಜು ಒಡೆಯದಿರಲಿ ಎಂದು ರಬ್ಬರ್ ಬುಗ್ಗೆ ತಾನೇ ತಂದಿದ್ದ. ಮಾವ ಊದಿಕೊಟ್ಟರು. ತಿಂಗಳಲ್ಲಿ ಹಾಸಿಗೆ ಹಿಡಿದರು.

"ಆಮೇಲೆ?"

"ಬದಲಿ ಕೇಳಿದ." ಸುಂಯ್. "ನನ್ನದು ಕೊಟ್ಟೆ." ಸುಂಯ್. "ಅವರು ಬದುಕಿದರು."

ಬಿಗುಮಾನ ಎಂದುಕೊಂಡದ್ದು ಇದನ್ನು. ಪಟಾಕಿಗೆ ಅಳು ಒತ್ತರಿಸಿ ಬಂತು. ಅತ್ತೆ ಅವಳ ಕೆನ್ನೆ ಒರೆಸಿ, ತಮ್ಮ ಎದೆ ತಟ್ಟಿ ತೋರಿಸಿದರು. "ಉಳಿದಿಲ್ಲ ಕಣೇ. ಇದ್ದಿದ್ರೆ ಕೊಡ್ತಿದ್ದೆ."

ವಿಡಿಯೋ ನಿಲ್ಲಿಸದೆ, ಅದರ ಕೆಳಗಿನ ಜಾಗದಲ್ಲೇ ಬೂದು ವೃತ್ತಕ್ಕೆ ಅವಳು ಸಂದೇಶ ಕಳಿಸಿದಳು. ಬೇಡಿದಳು, ಬೈದಳು, ಮತ್ತೆ ಬೇಡಿದಳು. ಉತ್ತರ ತಕ್ಷಣ ಬಂತು, ಬೆರಳು ಪರದೆ ಬಿಡುವ ಮೊದಲೇ.

"ವಾಪಸಿಲ್ಲ. ಬದಲಿ ಉಂಟು. ಹತ್ತಕ್ಕೆ ಹತ್ತು. ಒಬ್ಬರದೇ ಉಸಿರು."

ಈಗ ನೋಡಿ, ನಾಯಿಬಾಲ ಡೊಂಕೇ. ಅಷ್ಟೆಲ್ಲ ನೋಡಿ, ಅಷ್ಟೆಲ್ಲ ಕೇಳಿ, ಅವಳು ಮೂಲೆಯಲ್ಲಿದ್ದ ಸೈಕಲ್ ಪಂಪು ಎತ್ತಿಕೊಂಡಳು. ಪ್ಲಾಸ್ಟಿಕ್ಕಿನೊಳಗಿನ ಗಾಳಿಗೆ ಗುರುತು ಏನಿರುತ್ತದೆ? ಹತ್ತು ಚೀಲಕ್ಕೆ ಗಾಳಿ ಹೊಡೆದು, "ಪಟಾಕಿ" ಎಂದು ಬರೆದು ಕಳಿಸಿದಳು. ಹೆದರಿಕೆ ಅವಳಿಗೂ ಇತ್ತು, ಇಲ್ಲವೆನ್ನಲಾಗದು.

ಅಲ್ಲಿಂದ ಐದು ದಿನ ಆ ಮನೆಯಲ್ಲಿ ಯಾರೂ ಕಣ್ಣು ಮುಚ್ಚಲಿಲ್ಲ. ವಿಡಿಯೋ ಮೂವತ್ತು ಸೆಕೆಂಡಿನದು. ಮುಗಿದು ಮತ್ತೆ ಶುರುವಾಗುವ ನಡುವೆ ಕಣ್ಣು ಮಿಟುಕಿಸುವಷ್ಟು ಕತ್ತಲೆ. ಆ ಕತ್ತಲೆಗೆ ಸರಿಯಾಗಿ ಗುಂಡನ ಮೈ ಒಮ್ಮೆ ಅದುರುತ್ತಿತ್ತು. ಫೋನ್ ಸದಾ ಚಾರ್ಜಿಗೆ. ಯಾರಾದರೂ ಕರೆ ಮಾಡಿದರೆ ತಟ್ಟನೆ ಕತ್ತರಿಸಿ ಮತ್ತೆ ವಿಡಿಯೋ ಒತ್ತುತ್ತಿದ್ದಳು. ಕೋಣೆಯಲ್ಲಿ ಒಂದು ವಾಸನೆ ತುಂಬಿತ್ತು, ವರ್ಷಗಟ್ಟಲೆ ತೆರೆಯದ ಪೆಟ್ಟಿಗೆಯದು. ಕಿಟಕಿ ತೆರೆದರೂ ಹೋಗುತ್ತಿರಲಿಲ್ಲ. ಅವಳು ಕೂರಲಿಲ್ಲ, ನಿಲ್ಲಲಿಲ್ಲ, ಚಾರ್ಜರಿನ ವೈರಿನ ಉದ್ದಕ್ಕೆ ಅತ್ತಿಂದಿತ್ತ ಇತ್ತಿಂದತ್ತ ನಡೆದಳು.

ಐದನೆಯ ದಿನ ಕೊರಿಯರಿನವನು ಡಬ್ಬ ತಂದ. ಅವಳು ಹಲ್ಲಿನಿಂದಲೇ ಟೇಪು ಕಿತ್ತಳು. ಒಳಗೆ ಹತ್ತು ಚೀಲ. ಮೇಲೆ ಅವಳದೇ ಕೈಬರಹ. "ಪಟಾಕಿ." "ಪಟಾಕಿ." ಹೋದ ಹಾಗೇ ಬಂದಿದ್ದವು. ಜೊತೆಗೊಂದು ಚೀಟಿ.

"ಇದರಲ್ಲಿ ಯಾರೂ ಇಲ್ಲ."

ವಿಡಿಯೋ ನೋಡಿದಳು. "ಗುಂಡ" ಎಂದಿದ್ದ ಹತ್ತರಲ್ಲಿ ಒಂದು ಚಪ್ಪಟೆಯಾಗಿ ಹಲಗೆಯಿಂದ ಜೋತುಬಿದ್ದಿತ್ತು. ಮಂಚದ ಮೇಲೆ ಗಂಡನ ಉಗುರುಗಳು ಕಪ್ಪಾಗಿದ್ದವು.

ಆ ಚೀಲಗಳನ್ನು ಅವಳು ಅಲ್ಲೇ ಒಡೆದಳು. ಹೊಸ ಚೀಲ ತಂದಳು. ಬಾಯಿಗಿಟ್ಟಳು. ಊದಿದಳು. ಮೊದಲನೆಯದಕ್ಕೆ ಏನೂ ಆಗಲಿಲ್ಲ. ಮೂರನೆಯದಕ್ಕೆ ಕಿವಿಯಲ್ಲಿ ಗುಂಯ್ ಎಂದಿತು. ಐದನೆಯದನ್ನು ಕಟ್ಟುವಾಗ ಅತ್ತೆ ಅವಳ ಬೆನ್ನು ಹಿಡಿದುಕೊಂಡರು. ಏಳನೆಯದರ ಹೊತ್ತಿಗೆ ತನ್ನೊಳಗಿಂದ ಹೋಗುತ್ತಿರುವುದು ಗಾಳಿಯೊಂದೇ ಅಲ್ಲವೆಂದು ಅವಳಿಗೆ ತಿಳಿಯಿತು. ಚಿಕ್ಕಂದಿನಲ್ಲಿ ಗೆಳತಿಯರನ್ನು ಕೂಗಿದ್ದು, ಅಪ್ಪನೊಡನೆ ಜಗಳವಾಡಿದ್ದು, ಗಂಡನಿಗೆ ಓದಿ ಹೇಳಿ ನಕ್ಕಿದ್ದು, ಎಲ್ಲ ಬಿಸಿಯಾಗಿ ಗಂಟಲು ದಾಟಿ ಹೋದವು. ಎಂಟು. ಒಂಬತ್ತು. ಹತ್ತು. ಹತ್ತೂ ಚೀಲಗಳು ಅಂಗೈಗೆ ಬೆಚ್ಚಗಿದ್ದವು.

ಕೊರಿಯರಿನವನು ಮೂರನೆಯ ದಿನ ಮರಳಿದ. ಅಷ್ಟರಲ್ಲಿ ಕರೆಂಟು ಹೋಗಿ ಆರೇಳು ಗಂಟೆಯಾಗಿತ್ತು. ಫೋನಿನಲ್ಲಿ ಎರಡು ಶೇಕಡ. ಅವಳು ಡಬ್ಬ ಕಸಿದುಕೊಂಡಳು. ಓಡಲಾಗಲಿಲ್ಲ. ಗೋಡೆ ಹಿಡಿದಳು. ನಡೆದಳು. ಒಂದು ಶೇಕಡ. ಕತ್ತರಿ ಎಲ್ಲಿ? ಅತ್ತೆ ಕೊಟ್ಟರು. ಟೇಪು. ರಟ್ಟು. ಒಂಬತ್ತು ಚೀಲ. ಅವಳದೇ ಬರಹ. "ಗುಂಡ." ಫೋನ್ ಕಪ್ಪಾಯಿತು. ಅವನ ಎದೆ ನಿಂತಿತು. ದಾರ ಕತ್ತರಿಸಿದಳು. ಅವನ ಬಾಯಿಗೆ ಒತ್ತಿದಳು. ಬೆಚ್ಚನೆಯ ಗಾಳಿ. ಇಲ್ಲ. ಇನ್ನೊಂದು. ಇಲ್ಲ. ಇನ್ನೊಂದು. ಗಂಟಲು ಆಡಿತು. ಇನ್ನೊಂದು. ಇನ್ನೊಂದು. ಎದೆ ಎದ್ದಿತು. ತಾನಾಗಿ ಎದ್ದಿತು. ಬಿತ್ತು. ಮತ್ತೆ ಎದ್ದಿತು.

"ಏನೇ ಇದು," ಎಂದ ಗುಂಡ, ಸ್ಪಷ್ಟವಾಗಿ. "ಹಸಿವಾಗ್ತಿದೆ ಕಣೇ."

ಅವಳು ಅಳಬೇಕೆಂದುಕೊಂಡಳು. ಬಿಕ್ಕಳಿಸಲು ಬೇಕಾದಷ್ಟು ಉಸಿರು ಒಳಗಿರಲಿಲ್ಲ.

ತಿಂಗಳಲ್ಲಿ ಗುಂಡ ಕುಲುಮೆಗೆ ಮರಳಿದ. ಶಿಳ್ಳೆ ಮತ್ತೆ ಕೇಳಿಸತೊಡಗಿತು, ಹೂಜಿಗಳು ಬಳೆಯಿಲ್ಲದೆ ನುಣ್ಣಗೆ ಎದ್ದವು. ಕಾಯಿಲೆಯ ದಿನಗಳು ಅವನಿಗೆ ನೆನಪಿರಲಿಲ್ಲ. ಹೆಂಡತಿ ಎರಡು ಮಾತಾಡಿ ನಿಲ್ಲಿಸುವುದನ್ನು ಕಂಡು, "ಅಮ್ಮನ ಗಾಳಿ ಸೋಕಿದೆ ನಿಂಗೆ," ಎಂದು ನಗುತ್ತಿದ್ದ. ಅವಳೂ ನಗುವ ಮುಖ ಮಾಡುತ್ತಿದ್ದಳು. ಅತ್ತೆ ಸೊಸೆ ಈಗ ಎದುರುಬದುರು ಕೂತು ಹುಲ್ಲು ಕಟ್ಟುತ್ತಾರೆ. ಅವಳಿಗೆ ಆ ಗಂಟು ಬಂದಿದೆ.

ಮಾರಾಟಗಾರರ ಗುಂಪೊಂದು ಅವಳ ಫೋನಿನಲ್ಲಿದೆ. ಮೊನ್ನೆ ಅಲ್ಲಿಗೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು, ಮಣ್ಣಿನ ಬಟ್ಟಲು ಮಾರುವವಳು, ಬರೆದಳು: "ಒಬ್ಬರು ಗಾಳಿಚೀಲಾನ ಬಾಯಿಂದ ಊದಿ ಕಳಿಸಿ ಅಂತಿದ್ದಾರೆ, ಹೆಸರೂ ಬರೀಬೇಕಂತೆ. ಯಾರಿಗಾದ್ರೂ ಇಂಥವ್ರು ಸಿಕ್ಕಿದ್ರಾ?"

ಬೆರಳಿಗೆ ಉಸಿರು ಬೇಕಿಲ್ಲ. ಪಟಾಕಿ ನಡೆದದ್ದೆಲ್ಲವನ್ನೂ ಬರೆದು ಹಾಕಿದಳು, ಒಂದನ್ನೂ ಮುಚ್ಚಿಡದೆ. ಸಾಲುಸಾಲಾಗಿ ನಗುಮುಖಗಳು ಬಂದವು. "ಕತೆ ಸೂಪರ್." "ನಿಮ್ಮ ಅಂಗಡಿಗೆ ಒಳ್ಳೇ ಪ್ರಚಾರ." ಸ್ವಲ್ಪ ಹೊತ್ತಿಗೆ ಆ ಹುಡುಗಿಯೇ ಕರೆ ಮಾಡಿದಳು. ಅರಳು ಹುರಿದಂಥ ದನಿ.

"ಅಕ್ಕಾ, ಓದಿ ಮೈ ಜುಂ ಅಂತು! ನಿಮ್ಮ ಬಾಯಲ್ಲೇ ಕೇಳ್ಬೇಕು ಅಂತ ಫೋನ್ ಮಾಡ್ದೆ. ನಿಜವಾಗ್ಲೂ ಏನಾಯ್ತು ಹೇಳಿ?"

"ಊದಿ ಕಟ್ಟಬೇಡ," ಎಂದಳು ಪಟಾಕಿ. ನಿಲ್ಲಿಸಿದಳು. ಗಾಳಿ ಎಳೆದುಕೊಂಡಳು. "ಕೇಳು ಇಲ್ಲಿ. ನನ್ನ ಗಂಡ..."

"ಹಲೋ? ಅಕ್ಕಾ? ಕಟ್ ಕಟ್ ಆಗ್ತಿದೆ."

ಆಚೆಯಿಂದ ಇನ್ನೊಂದು ಸದ್ದು ಬರುತ್ತಿತ್ತು. ಪುಟ್ಟ ಮಗುವೊಂದು ಕೇಕೆ ಹಾಕಿ ನಗುವುದು, ಮತ್ತೆ ಫೂ, ಮತ್ತೆ ನಗು, ಮತ್ತೆ ಫೂ. ಪಟಾಕಿ ಎದ್ದು ನಿಂತಳು. ಎದೆಯಲ್ಲಿದ್ದಷ್ಟನ್ನೂ ಒಟ್ಟುಗೂಡಿಸಿ ಬಾಯಿ ತೆರೆದಳು. ಎದುರು ಕೂತಿದ್ದ ಅತ್ತೆ ಹುಲ್ಲಿನ ಕಂತೆ ಕೈಬಿಟ್ಟು ಅವಳನ್ನೇ ನೋಡಿದರು.

"ಮಗು... ಬೇಡ..."

"ಏನೂ ಕೇಳಿಸ್ತಿಲ್ಲ ಅಕ್ಕಾ," ಎಂದಳು ಹುಡುಗಿ. "ನಾಳೆ ಹೇಳಿ. ಇವತ್ತು ಪಾರ್ಸೆಲ್ ಹೋಗ್ಬೇಕು."